ಟೋಕಿಯೊದಲ್ಲಿ ಗೆಳೆಯರಿಬ್ಬರ ಒಂದು ದಿನ: ಅಸಾಕುಸದಿಂದ ಶಿಬುಯಾವರೆಗೆ ಹೆಜ್ಜೆ ಹೆಜ್ಜೆಯ ಮಾರ್ಗದರ್ಶಿ

ಟೋಕಿಯೊಗೆ ಒಂದೇ ದಿನ ಸಿಕ್ಕವರು ಮಾಡುವ ಮೊದಲ ತಪ್ಪು ಪಟ್ಟಿಯನ್ನು ಉದ್ದ ಮಾಡುವುದು. ಮ್ಯಾಪಿನಲ್ಲಿ ಎರಡು ಜಾಗಗಳ ನಡುವೆ 20 ನಿಮಿಷ ಎಂದು ಕಾಣುತ್ತದೆ. ಅದು ರೈಲು ಓಡುವ ಹೊತ್ತು ಮಾತ್ರ. ಪ್ಲಾಟ್‌ಫಾರ್ಮಿಗೆ ಇಳಿಯಲು, ಲೈನ್ ಬದಲಿಸಲು, ಸರಿಯಾದ ಬಾಗಿಲಿನಿಂದ ಹೊರಬರಲು ದೊಡ್ಡ ನಿಲ್ದಾಣಗಳಲ್ಲಿ ಇನ್ನೂ 15 ನಿಮಿಷ ಬೇಕು. ಎಂಟು ಜಾಗ ಬರೆದುಕೊಂಡು ಹೊರಟರೆ ದಿನದ ಅರ್ಧ ನೆಲದಡಿಯ ಓಣಿಗಳಲ್ಲೇ ಕಳೆಯುತ್ತದೆ. ಜೊತೆಗಿರುವ ಗೆಳೆಯರೊಂದಿಗೆ ನಿಂತು ನಾಲ್ಕು ಮಾತಾಡಲೂ ಆಗುವುದಿಲ್ಲ.

ಅದಕ್ಕೇ ಇಲ್ಲಿರುವುದು ನಾಲ್ಕೇ ಜಾಗ. ಬೆಳಿಗ್ಗೆ ಊರಿನ ಪೂರ್ವದಲ್ಲಿರುವ ಅಸಾಕುಸ, ಆಮೇಲೆ ಉಎನೊ, ಮಧ್ಯಾಹ್ನದ ನಂತರ ಹರಾಜುಕು ಪಕ್ಕದ ಮೇಜಿ ದೇವಾಲಯ, ಸಂಜೆಗೆ ಪಶ್ಚಿಮದ ಶಿಬುಯಾ. ನಡುವೆ ರೈಲು ಹತ್ತುವುದು ಎರಡೇ ಸಲ, ಕೊನೆಯ ತುಂಡು ಕಾಲ್ನಡಿಗೆ. ಒಟ್ಟು ನಡಿಗೆ 12ರಿಂದ 15 ಕಿಲೋಮೀಟರ್ ಆಗುತ್ತದೆ. ಹೊಸ ಬೂಟು ಹಾಕಿಕೊಂಡು ಹೊರಡಬೇಡಿ.

ಯಾವ ದಿನ

ಸೋಮವಾರ ಬೇಡ. ಉಎನೊದ ಮ್ಯೂಸಿಯಂಗಳು ಸೋಮವಾರ ಮುಚ್ಚಿರುತ್ತವೆ. ಸೋಮವಾರ ಸಾರ್ವಜನಿಕ ರಜೆ ಬಂದರೆ ಆ ದಿನ ತೆರೆದು ಮಂಗಳವಾರ ಮುಚ್ಚುತ್ತಾರೆ. ಭಾನುವಾರ ಹರಾಜುಕುವಿನ ಬೀದಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಂಗಳವಾರದಿಂದ ಶುಕ್ರವಾರದೊಳಗಿನ ದಿನವೇ ಒಳ್ಳೆಯದು. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ಗೋಲ್ಡನ್ ವೀಕ್ ರಜೆಗಳು, ಆಗಸ್ಟ್ ನಡುವಿನ ಒಬೋನ್ ಎಂಬ ಪಿತೃಗಳ ಹಬ್ಬ, ಹೊಸವರ್ಷದ ಮೊದಲ ಮೂರು ದಿನ ಇವುಗಳನ್ನು ತಪ್ಪಿಸಿ. ಹೊಸವರ್ಷದ ಆ ಮೂರು ದಿನಗಳಲ್ಲಿ ಮೇಜಿ ದೇವಾಲಯ ಒಂದಕ್ಕೇ ಸುಮಾರು 30 ಲಕ್ಷ ಜನ ಬರುತ್ತಾರೆ.

ವಿಮಾನ ಇಳಿದ ಮರುಬೆಳಿಗ್ಗೆಯೇ ಈ ಯೋಜನೆ ಹಾಕಿಕೊಳ್ಳದಿದ್ದರೆ ಒಳ್ಳೆಯದು. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದಿದೆ. ಅಲ್ಲಿ ಬೆಳಿಗ್ಗೆ 7 ಎಂದರೆ ಬೆಂಗಳೂರಿನಿಂದ ಹೋದ ದೇಹಕ್ಕೆ ಇನ್ನೂ ನಸುಕಿನ ಮೂರೂವರೆ. ಎರಡನೇ ದಿನವೋ ಮೂರನೇ ದಿನವೋ ಇಟ್ಟುಕೊಂಡರೆ ಬೆಳಗಿನ ಅಸಾಕುಸವನ್ನು ಕಣ್ಣು ಬಿಟ್ಟುಕೊಂಡು ನೋಡಬಹುದು.

ಹಿಂದಿನ ರಾತ್ರಿ ಮಾಡಬೇಕಾದ್ದು

ಮೊದಲು ರೈಲಿನ ಕಾರ್ಡು. ಸುಯಿಕಾ ಅಥವಾ ಪಸ್ಮೊ, ಯಾವುದಾದರೂ ಸರಿ. ಮೆಟ್ರೊ, ಜೆಆರ್ (ಜಪಾನ್ ರೈಲ್ವೇಸ್) ರೈಲು, ಬಸ್ಸು, ನೀರಿನ ಬಾಟಲಿ ಕೊಡುವ ಯಂತ್ರ, ಕೊಂಬಿನಿ ಎಲ್ಲ ಕಡೆಯೂ ಎರಡೂ ನಡೆಯುತ್ತವೆ. ಕೊಂಬಿನಿ ಎಂದರೆ ದಿನವಿಡೀ ತೆರೆದಿರುವ ಸಣ್ಣ ಅಂಗಡಿ. ಸುಯಿಕಾಕ್ಕೆ 500 ಯೆನ್ ಠೇವಣಿ ಇದೆ. ವಿಮಾನ ನಿಲ್ದಾಣದಲ್ಲಿ ಸಿಗುವ ವೆಲ್‌ಕಮ್ ಸುಯಿಕಾಕ್ಕೆ ಠೇವಣಿ ಇಲ್ಲ. ಆದರೆ ಅದು 28 ದಿನ ಮಾತ್ರ ನಡೆಯುತ್ತದೆ, ಉಳಿದ ಹಣವೂ ವಾಪಸು ಬರುವುದಿಲ್ಲ. ಹೊರದೇಶದಲ್ಲಿ ಕೊಂಡ ಆಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ ಮೊಬೈಲ್ ಸುಯಿಕಾ ಕೆಲಸ ಮಾಡುವುದಿಲ್ಲ. ಪ್ಲಾಸ್ಟಿಕ್ ಕಾರ್ಡೇ ನೆಮ್ಮದಿ.

ಇಬ್ಬರಿದ್ದರೆ ಎರಡು ಕಾರ್ಡು ಬೇಕೇ ಬೇಕು. ಒಬ್ಬರು ಟ್ಯಾಪ್ ಮಾಡಿ ಒಳಗೆ ಹೋಗಿ, ಅದೇ ಕಾರ್ಡನ್ನು ಹಿಂದಿನವರ ಕೈಗೆ ಕೊಟ್ಟರೆ ಗೇಟು ಮುಚ್ಚಿಕೊಳ್ಳುತ್ತದೆ, ಏಕೆಂದರೆ ಆ ಕಾರ್ಡು ಆಗಲೇ ‘ಒಳಗೆ’ ಎಂದು ದಾಖಲಾಗಿರುತ್ತದೆ. ತಲಾ 2,000 ಯೆನ್ ಹಾಕಿಸಿಕೊಳ್ಳಿ. ನಿಲ್ದಾಣದ ಹೆಚ್ಚಿನ ಯಂತ್ರಗಳು ಕಾರ್ಡಿಗೆ ಹಣ ತುಂಬಲು ನೋಟನ್ನೇ ಕೇಳುತ್ತವೆ. ಇಳಿಯುವಾಗ ಹಣ ಸಾಲದೆ ಗೇಟು ತಡೆದರೆ ಗಾಬರಿ ಬೇಡ. ಗೇಟಿನ ಒಳಗಡೆಯೇ ದರ ಸರಿಹೊಂದಿಸುವ ಯಂತ್ರ ಇರುತ್ತದೆ, ಕೊರತೆಯ ಹಣ ತುಂಬಿ ಹೊರಬನ್ನಿ.

ದಿನದ ಪಾಸು ಬೇಕೇ ಎಂದು ಬಹಳ ಜನ ಕೇಳುತ್ತಾರೆ. ಈ ದಾರಿಗೆ ಬೇಡ. ಅಸಾಕುಸದಿಂದ ಉಎನೊಗೆ ಸುಮಾರು 180 ಯೆನ್, ಉಎನೊದಿಂದ ಹರಾಜುಕುಗೆ 200 ಚಿಲ್ಲರೆ, ಹೋಟೆಲಿನಿಂದ ಬರಲು, ಹೋಟೆಲಿಗೆ ಮರಳಲು ತಲಾ 200ರಿಂದ 300. ಎಲ್ಲ ಸೇರಿ ಸಾವಿರದ ಆಸುಪಾಸಿನಲ್ಲೇ ಮುಗಿಯುತ್ತದೆ. ಜೊತೆಗೆ ಮೆಟ್ರೊ ಪಾಸು ಜೆಆರ್ ರೈಲಿಗೆ ನಡೆಯುವುದೂ ಇಲ್ಲ. ಇಡೀ ದೇಶ ಸುತ್ತುವ ಜೆಆರ್ ಪಾಸಿಗೆ 2023ರ ಅಕ್ಟೋಬರಿನಿಂದ ಏಳು ದಿನಕ್ಕೆ 50,000 ಯೆನ್. ಊರೊಳಗಿನ ತಿರುಗಾಟಕ್ಕೆ ಅದನ್ನು ಕೊಳ್ಳುವುದು ದಂಡ.

ನಗದು ತಲಾ 10,000 ಯೆನ್ ಇರಲಿ. ದೇವಸ್ಥಾನದ ಬಳಿಯ ಸಣ್ಣ ಅಂಗಡಿಗಳಲ್ಲೂ ಹಳೆಯ ಊಟದ ಮನೆಗಳಲ್ಲೂ ಕಾರ್ಡು ನಡೆಯದೇ ಇರಬಹುದು. ಸೆವೆನ್-ಇಲೆವೆನ್ ಅಂಗಡಿಯೊಳಗಿನ ಎಟಿಎಂಗಳು ಹೊರದೇಶದ ಕಾರ್ಡು ತೆಗೆದುಕೊಳ್ಳುತ್ತವೆ. ಭಾರತದಿಂದ ಹೊರಡುವ ಮುನ್ನವೇ ಬ್ಯಾಂಕಿನ ಆ್ಯಪಿನಲ್ಲಿ ಅಂತಾರಾಷ್ಟ್ರೀಯ ವ್ಯವಹಾರ ಚಾಲೂ ಮಾಡಿಕೊಂಡಿರಬೇಕು, ಇಲ್ಲದಿದ್ದರೆ ಎಟಿಎಂ ಕಾರ್ಡನ್ನು ಉಗುಳುತ್ತದೆ.

ಇಂಟರ್‌ನೆಟ್ ಇಬ್ಬರಿಗೂ ಬೇರೆ ಬೇರೆ ಇರಲಿ. ದುಡ್ಡು ಉಳಿಸಲು ಒಂದೇ ಪಾಕೆಟ್ ವೈಫೈ ಬಾಡಿಗೆಗೆ ತೆಗೆದುಕೊಂಡರೆ, ಗುಂಪಿನಲ್ಲಿ ಬೇರೆಯಾದ ಕ್ಷಣ ಒಬ್ಬರ ಫೋನು ಮೂಕವಾಗುತ್ತದೆ. ಬೇರೆಯಾದಾಗಲೇ ಅದು ಬೇಕಾಗುವುದು. ತಲಾ ಒಂದು ಇ-ಸಿಮ್ ಹಾಕಿಕೊಳ್ಳಿ.

ಚೀಲದಲ್ಲಿ ಪಾಸ್‌ಪೋರ್ಟ್ ಇರಲೇಬೇಕು. ಪ್ರವಾಸಿಗರು ಅದನ್ನು ಸದಾ ಜೊತೆಗಿಟ್ಟುಕೊಳ್ಳುವುದು ಅಲ್ಲಿನ ಕಾನೂನು. ಒಂದು ಕರವಸ್ತ್ರ ಇಟ್ಟುಕೊಳ್ಳಿ, ಶೌಚಾಲಯಗಳು ಎಲ್ಲೆಡೆ ಉಚಿತ, ಶುಭ್ರ, ಆದರೆ ಕೈ ಒರೆಸಲು ಕಾಗದ ಹೆಚ್ಚಿನ ಕಡೆ ಇರುವುದಿಲ್ಲ. ಕಸಕ್ಕೆ ಒಂದು ಖಾಲಿ ಪ್ಲಾಸ್ಟಿಕ್ ಚೀಲವೂ ಬೇಕು, ಬೀದಿಯಲ್ಲಿ ಕಸದ ಡಬ್ಬಿ ಸಿಗುವುದು ಅಪರೂಪ.

ಕೊನೆಯದಾಗಿ ಇಬ್ಬರೂ ಕೂತು ‘ಇದು ಮಾತ್ರ ಬಿಡಲಾರೆ’ ಎನ್ನುವ ಒಂದೊಂದು ಜಾಗ ಹೇಳಿಕೊಳ್ಳಿ. ಒಬ್ಬರಿಗೆ ಮ್ಯೂಸಿಯಂ, ಇನ್ನೊಬ್ಬರಿಗೆ ಶಿಬುಯಾದ ತಾರಸಿ ಇರಬಹುದು. ಹೊತ್ತು ಸಾಲದೆ ಬಂದಾಗ ಈ ಎರಡನ್ನು ಉಳಿಸಿ ಮಿಕ್ಕಿದ್ದನ್ನು ಕತ್ತರಿಸಿ. ಇದನ್ನು ಮೊದಲೇ ಮಾತಾಡಿಕೊಳ್ಳದವರು ಮಧ್ಯಾಹ್ನ ಮೂರರ ಹೊತ್ತಿಗೆ, ಕಾಲು ನೋಯುವಾಗ, ಬೀದಿಯಲ್ಲಿ ನಿಂತು ವಾದ ಮಾಡುತ್ತಾರೆ.

ಬೆಳಿಗ್ಗೆ 8: ಅಸಾಕುಸ

ಅಸಾಕುಸ ಎಂಬ ಹೆಸರಿನ ನಿಲ್ದಾಣಗಳು ನಾಲ್ಕಿವೆ: ಗಿಂಜಾ ಲೈನ್, ತೊಯೆಯ್ ಅಸಾಕುಸ ಲೈನ್, ತೊಬು ರೈಲು, ತ್ಸುಕುಬಾ ಎಕ್ಸ್‌ಪ್ರೆಸ್. ಮೊದಲ ಮೂರು ಹತ್ತಿರ ಹತ್ತಿರ, ನಾಲ್ಕನೆಯದು ಅರ್ಧ ಕಿಲೋಮೀಟರಿಗೂ ಆಚೆ. ‘ಅಸಾಕುಸ ಸ್ಟೇಷನ್‌ನಲ್ಲಿ ಸಿಗೋಣ’ ಎಂದು ಬೇರೆ ಬೇರೆ ಹೋಟೆಲಿನಿಂದ ಹೊರಟ ಇಬ್ಬರು ಬೇರೆ ಬೇರೆ ನಿಲ್ದಾಣದಲ್ಲಿ ಕಾಯುವುದು ಮಾಮೂಲು. ಕಮಿನಾರಿಮೊನ್ ದ್ವಾರದ ಎದುರಿನ ಪ್ರವಾಸಿ ಮಾಹಿತಿ ಕೇಂದ್ರದ ಬಾಗಿಲಲ್ಲಿ ಎಂದು ಗೊತ್ತುಮಾಡಿಕೊಳ್ಳಿ. ಮರದ ಪಟ್ಟಿಗಳ, ಮನೆಯ ಮೇಲೆ ಮನೆ ಪೇರಿಸಿದಂತಿರುವ ಆ ಕಟ್ಟಡ ತಪ್ಪುವುದೇ ಇಲ್ಲ. ವಾಸ್ತುಶಿಲ್ಪಿ ಕೆಂಗೊ ಕುಮಾ ವಿನ್ಯಾಸ, 2012ರದು.

ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆ ಆಫೀಸಿನ ನೂಕುನುಗ್ಗಲು. ಒಬ್ಬರು ಹೆಣ್ಣು, ಒಬ್ಬರು ಗಂಡು ಇದ್ದರೆ ಪ್ಲಾಟ್‌ಫಾರ್ಮಿನ ಗುಲಾಬಿ ಗುರುತು ನೋಡಿಕೊಳ್ಳಿ. ಕೆಲವು ಲೈನ್‌ಗಳಲ್ಲಿ ಬೆಳಿಗ್ಗೆ ಒಂದು ಬೋಗಿ ಮಹಿಳೆಯರಿಗೇ ಮೀಸಲು.

ಕಮಿನಾರಿಮೊನ್ ಎಂದರೆ ಗುಡುಗಿನ ಬಾಗಿಲು. ಒಂದು ಬದಿಗೆ ಗಾಳಿಯ ದೇವರು ಫೂಜಿನ್, ಇನ್ನೊಂದು ಬದಿಗೆ ಗುಡುಗಿನ ದೇವರು ರೈಜಿನ್. ನಡುವಿನ ಕೆಂಪು ಲಾಂದ್ರ 3.9 ಮೀಟರ್ ಎತ್ತರ, ಸುಮಾರು 700 ಕಿಲೊ ತೂಕ. 1960ರಲ್ಲಿ ಈ ದ್ವಾರವನ್ನು ಮತ್ತೆ ಕಟ್ಟಿಸಿಕೊಟ್ಟವರು ಪ್ಯಾನಾಸೋನಿಕ್ ಕಂಪನಿಯ ಸ್ಥಾಪಕ ಕೊನೊಸುಕೆ ಮತ್ಸುಶಿತಾ. ಎಂಟು ಗಂಟೆಗೆ ಬಂದರೆ ಲಾಂದ್ರದ ಕೆಳಗೆ ಜನವಿಲ್ಲದ ಫೋಟೊ ಸಿಗುತ್ತದೆ. ಹತ್ತಕ್ಕೆ ಬಂದರೆ ತಲೆಗಳು ಮಾತ್ರ.

ಒಳಗಿನ ನಕಾಮಿಸೆ ಬೀದಿ ಸುಮಾರು 250 ಮೀಟರ್. ಈ ಹೊತ್ತಿಗೆ ಅಂಗಡಿಗಳು ಮುಚ್ಚಿರುತ್ತವೆ, ಆದರೆ ಬಾಗಿಲುಗಳ ಮೇಲೆ ಬರೆದ ಚಿತ್ರಗಳು ಕಾಣುವುದು ಆಗಲೇ. ನೇರ ಸೆನ್ಸೋಜಿ ದೇವಾಲಯಕ್ಕೆ ನಡೆಯಿರಿ. ಮುಖ್ಯ ಮಂದಿರ ಬೇಸಿಗೆಯಲ್ಲಿ 6ಕ್ಕೆ, ಅಕ್ಟೋಬರಿನಿಂದ ಮಾರ್ಚ್‌ವರೆಗೆ ಆರೂವರೆಗೆ ತೆರೆಯುತ್ತದೆ. ಸುಮಿದಾ ನದಿಯಲ್ಲಿ ಬಲೆ ಬೀಸಿದ ಅಣ್ಣತಮ್ಮಂದಿರಿಗೆ ಕ್ರಿ.ಶ. 628ರಲ್ಲಿ ಕನ್ನೊನ್ ವಿಗ್ರಹ ಸಿಕ್ಕಿತು ಎಂಬುದು ಸ್ಥಳಪುರಾಣ. ಕನ್ನೊನ್ ಬೇರೆ ಯಾರೂ ಅಲ್ಲ, ನಮ್ಮ ಅವಲೋಕಿತೇಶ್ವರ, ಚೀನಾ ದಾಟಿ ಜಪಾನಿಗೆ ಹೋದ ರೂಪ.

ಮಂದಿರದ ಮುಂದಿನ ದೊಡ್ಡ ಧೂಪದ ಪಾತ್ರೆಯ ಹೊಗೆಯನ್ನು ಕೈಯಿಂದ ಎಳೆದು ನೋವಿರುವ ಕಡೆಗೆ ಸವರಿಕೊಳ್ಳುತ್ತಾರೆ. ಕಾಣಿಕೆ ಪೆಟ್ಟಿಗೆಗೆ 5 ಯೆನ್ ನಾಣ್ಯ ಹಾಕುವುದು ವಾಡಿಕೆ. ಐದು ಯೆನ್ ಅಂದರೆ ‘ಗೊ ಎನ್’, ಅದೇ ಉಚ್ಚಾರಕ್ಕೆ ನಾವು ಋಣಾನುಬಂಧ ಎನ್ನುವ ಅರ್ಥವೂ ಇದೆ. ಗೆಳೆಯರಿಬ್ಬರು ಒಟ್ಟಿಗೆ ಹಾಕಲು ಇದಕ್ಕಿಂತ ಒಪ್ಪುವ ನಾಣ್ಯವಿಲ್ಲ. ಇಲ್ಲಿ ಕೈ ಮುಗಿದರೆ ಸಾಕು, ಚಪ್ಪಾಳೆ ತಟ್ಟಬಾರದು. ಚಪ್ಪಾಳೆ ಜಪಾನಿನ ಸ್ವಂತ ಧರ್ಮವಾದ ಶಿಂಟೊ ದೇವಾಲಯದ ಕ್ರಮ. ಇದು ಬೌದ್ಧ ದೇವಾಲಯ. ಬಹಳ ಪ್ರವಾಸಿಗರು ತಪ್ಪುವುದು ಇಲ್ಲೇ.

ಒಮಿಕುಜಿ ಎಂಬ ಶಕುನದ ಚೀಟಿಗೆ 100 ಯೆನ್. ಲೋಹದ ಡಬ್ಬಿಯನ್ನು ಅಲುಗಿಸಿ ತಲೆಕೆಳಗು ಮಾಡಿದರೆ ಒಂದು ಕಡ್ಡಿ ಹೊರಬರುತ್ತದೆ. ಅದರ ಮೇಲಿನ ಸಂಖ್ಯೆಯ ಖಾನೆಯಿಂದ ಚೀಟಿ ತೆಗೆದು, ಕಡ್ಡಿಯನ್ನು ಮತ್ತೆ ಡಬ್ಬಿಗೆ ಹಾಕಿ. ಸೆನ್ಸೋಜಿಯಲ್ಲಿ ಕೆಟ್ಟ ಶಕುನದ ಚೀಟಿ ಹೆಚ್ಚು ಎಂದು ಜಪಾನೀಯರಿಗೇ ಗೊತ್ತು. ಬಂದರೆ ಮನಸ್ಸಿಗೆ ಹಚ್ಚಿಕೊಳ್ಳದೆ ಪಕ್ಕದ ತಂತಿಗೆ ಕಟ್ಟಿ ಬಿಡಿ, ಕೇಡು ಅಲ್ಲೇ ಉಳಿಯುತ್ತದೆ ಎಂಬುದು ನಂಬಿಕೆ.

9 ಗಂಟೆಗೆ ಮಾಹಿತಿ ಕೇಂದ್ರದ ಎಂಟನೇ ಮಹಡಿಗೆ ಲಿಫ್ಟಿನಲ್ಲಿ ಹೋಗಿ. ಬಿಸಿಲುಮಚ್ಚು ಉಚಿತ. ಬೆಳಿಗ್ಗೆ ನಡೆದ ಬೀದಿ ಪೂರ್ತಿ ಕೆಳಗೆ ಕಾಣುತ್ತದೆ, ಇನ್ನೊಂದು ಕಡೆ 634 ಮೀಟರ್ ಎತ್ತರದ ಸ್ಕೈಟ್ರೀ ಗೋಪುರ. ಸ್ಕೈಟ್ರೀ ಮೇಲೆ ಹತ್ತುವುದನ್ನು ಈ ದಿನಕ್ಕೆ ಸೇರಿಸಬೇಡಿ, ಎರಡು ಗಂಟೆ ನುಂಗುತ್ತದೆ.

ಇಳಿದು ಬರುವಷ್ಟರಲ್ಲಿ ನಕಾಮಿಸೆ ಅಂಗಡಿಗಳು ತೆರೆಯುತ್ತಿರುತ್ತವೆ. ಕಮಿನಾರಿ ಒಕೊಶಿ ಕೊಳ್ಳಿ. ಅಕ್ಕಿ ಹುರಿದು ಅರಳಿಸಿ ಸಕ್ಕರೆ ಪಾಕದಲ್ಲಿ ಕಟ್ಟಿದ ತಿಂಡಿ, ಬಾಯಿಗಿಟ್ಟರೆ ನಮ್ಮ ಪುರಿ ಉಂಡೆಯ ನೆನಪು ಬರುತ್ತದೆ. ಅಜುಕಿ ಎಂಬ ಕೆಂಪು ಕಾಳಿನ ಸಿಹಿ ಹೂರಣ ತುಂಬಿದ ನಿಂಗ್ಯೊಯಾಕಿಯ ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ, ತಿನ್ನದವರು ಗಮನಿಸಿ. ಇಲ್ಲಿ ನಡೆಯುತ್ತಾ ತಿನ್ನುವುದು ಸಲ್ಲ. ಕೊಂಡ ಅಂಗಡಿಯ ಮುಂದೆಯೇ ನಿಂತು ತಿಂದು, ಕಾಗದವನ್ನು ಅಂಗಡಿಯವರಿಗೇ ಕೊಡಿ.

10 ಗಂಟೆ: ಉಎನೊ

ಗಿಂಜಾ ಲೈನ್ ಕಿತ್ತಳೆ ಬಣ್ಣದ್ದು. ಅಸಾಕುಸ ಜಿ-19, ಉಎನೊ ಜಿ-16, ಐದು ನಿಮಿಷದ ದಾರಿ. ಏಷ್ಯಾದ ಮೊದಲ ಸುರಂಗ ರೈಲು 1927ರ ಡಿಸೆಂಬರ್ 30ರಂದು ಓಡಿದ್ದು ಇದೇ 2.2 ಕಿಲೋಮೀಟರ್ ತುಂಡಿನಲ್ಲಿ. ಹೆಸರು ಓದಲು ಬಾರದಿದ್ದರೂ ಅಕ್ಷರ, ಸಂಖ್ಯೆ, ಬಣ್ಣ ಹಿಡಿದರೆ ದಾರಿ ತಪ್ಪುವುದಿಲ್ಲ. ಎಸ್ಕಲೇಟರಿನಲ್ಲಿ ಎಡಕ್ಕೆ ನಿಲ್ಲಿ. ರೈಲಿನೊಳಗೆ ಫೋನಿನಲ್ಲಿ ಮಾತಾಡಬೇಡಿ, ಗೆಳೆಯರೊಂದಿಗೂ ದನಿ ತಗ್ಗಿಸಿ.

ಉಎನೊದಲ್ಲಿ ಶಿನೊಬಾಜು ಕೆರೆಯ ಕಡೆಯ ಬಾಗಿಲಿನಿಂದ ಹೊರಬನ್ನಿ. ಕೆರೆಯ ನಡುಗಡ್ಡೆಯಲ್ಲಿ ಬೆಂತೆನ್‌ದೋ ಎಂಬ ಎಂಟು ಮೂಲೆಯ ಗುಡಿ ಇದೆ. ಒಳಗಿರುವ ದೇವಿ ಬೆಂಜೈತೆನ್, ಅಂದರೆ ಸರಸ್ವತಿ. ಜಪಾನಿನಲ್ಲಿ ಆಕೆಯ ಕೈಗೆ ವೀಣೆಯ ಬದಲು ಬಿವಾ ಎಂಬ ತಂತಿವಾದ್ಯ ಕೊಡುವುದು ವಾಡಿಕೆ. ನೀರಿನ ನಂಟನ್ನು ಅಲ್ಲಿಯೂ ಬಿಟ್ಟಿಲ್ಲ, ಆಕೆಯ ಗುಡಿಗಳು ಕೆರೆ, ನದಿ, ಕಡಲ ಬಳಿಯೇ ಹೆಚ್ಚು. ಶೃಂಗೇರಿಯ ತುಂಗೆಯ ದಂಡೆ ಕಂಡವರಿಗೆ ಇಲ್ಲಿ ಹತ್ತು ನಿಮಿಷ ಹೆಚ್ಚು ನಿಲ್ಲಬೇಕು ಅನ್ನಿಸುತ್ತದೆ, ನಿಲ್ಲಿ. ಜುಲೈ, ಆಗಸ್ಟ್‌ನಲ್ಲಿ ಹೋದರೆ ಕೆರೆಯ ತುಂಬ ತಾವರೆ. ಅವು ಬಿಸಿಲೇರಿದಂತೆ ಮುಚ್ಚಿಕೊಳ್ಳುವುದರಿಂದ ಆ ತಿಂಗಳುಗಳಲ್ಲಿ ಅಸಾಕುಸವನ್ನು ಬೇಗ ಮುಗಿಸಿ.

ಅಲ್ಲಿಂದ ಮೆಟ್ಟಿಲೇರಿ ಉದ್ಯಾನದೊಳಗೆ ಹತ್ತು ಹನ್ನೆರಡು ನಿಮಿಷ ನಡೆದರೆ ಟೋಕಿಯೊ ನ್ಯಾಷನಲ್ ಮ್ಯೂಸಿಯಂ. 1872ರಲ್ಲಿ ಶುರುವಾದ ಇದು ದೇಶದ ಅತಿ ಹಳೆಯ ಮ್ಯೂಸಿಯಂ. ಒಂಬತ್ತೂವರೆಗೆ ತೆರೆಯುತ್ತದೆ, ಟಿಕೆಟ್ 1,000 ಯೆನ್. ಒಳಗೆ ಹಲವು ಕಟ್ಟಡಗಳಿವೆ, ಎಲ್ಲವನ್ನೂ ನೋಡುವ ಹಟ ಬೇಡ. ಎದುರಿನ ಹೊನ್‌ಕನ್ ಕಟ್ಟಡದ ಎರಡನೇ ಮಹಡಿಯಿಂದ ಶುರುಮಾಡಿ. ಜಪಾನೀ ಕಲೆ ಕಾಲಾನುಕ್ರಮದಲ್ಲಿ ಸಿಗುತ್ತದೆ, ಒಂದು ಗಂಟೆ ಸಾಕು. ಮಿಕ್ಕ ಅರ್ಧ ಗಂಟೆಗೆ ಬಲಗಡೆಯ ತೊಯೊಕನ್. ಅಲ್ಲಿ ಗಾಂಧಾರದ ಬುದ್ಧ, ಭಾರತದ ಶಿಲ್ಪಗಳಿವೆ. ಬೆಳಿಗ್ಗೆ ಕೈ ಮುಗಿದ ಕನ್ನೊನ್ ಹೊರಟ ದಾರಿಯ ಮೊದಲ ಹೆಜ್ಜೆ ಅದು.

ಒಬ್ಬರಿಗೆ ಮ್ಯೂಸಿಯಂ ಒಗ್ಗದಿದ್ದರೆ ಬಲವಂತ ಬೇಡ. ಅವರು ಹಳಿಗಳ ಪಕ್ಕದ ಅಮೆಯೊಕೊ ಮಾರುಕಟ್ಟೆ ತಿರುಗಿ ಬರಲಿ. ಒಣಮೀನಿನಿಂದ ಬೂಟಿನವರೆಗೆ ಎಲ್ಲವೂ ಕೂಗಿ ಮಾರುವ ಬೀದಿ ಅದು. ‘ಹನ್ನೆರಡಕ್ಕೆ ಜೆಆರ್ ಉಎನೊ ನಿಲ್ದಾಣದ ಪಾರ್ಕ್ ಗೇಟ್’ ಎಂದು ಬಾಯಲ್ಲಿ ಹೇಳಿದರೆ ಸಾಲದು, ಗೇಟಿನ ಹೆಸರನ್ನು ಮೆಸೇಜಿನಲ್ಲಿ ಬರೆದುಕೊಳ್ಳಿ. ಅದೇ ಗೇಟಿನ ಎದುರಿಗಿರುವ ಪಾಶ್ಚಾತ್ಯ ಕಲೆಯ ಮ್ಯೂಸಿಯಂ 1959ರದು, ಲೆ ಕಾರ್ಬುಸಿಯೆ ವಿನ್ಯಾಸ. ಚಂಡೀಗಢದ ಕ್ಯಾಪಿಟಲ್ ಕಟ್ಟಡಗಳ ಜೊತೆಗೇ 2016ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಕಾಯುವವರು ಹೊರಗಿನಿಂದಲೇ ನೋಡಿ ಬರಬಹುದು.

ಊಟ, ಅದರಲ್ಲೂ ಸಸ್ಯಾಹಾರಿಗಳಿಗೆ

ಜಪಾನಿನಲ್ಲಿ ಸಸ್ಯಾಹಾರದ ತೊಡಕು ಮಾಂಸದ ತುಂಡಿಗಿಂತ ಹೆಚ್ಚಾಗಿ ‘ದಶಿ’ ಎಂಬ ಸಾರಿನಿಂದ ಬರುತ್ತದೆ. ಕತ್ಸುವೊ ಮೀನನ್ನು ಒಣಗಿಸಿ ಹೆರೆದ ಚೂರುಗಳನ್ನು ಕುದಿಸಿ ತೆಗೆದ ರಸ ಅದು. ಮಿಸೊ ಸೂಪು, ಉದೊನ್ ಮತ್ತು ಸೊಬಾ ನೂಡಲ್ಸಿನ ಸಾರು, ತೆಂಪುರಾಕ್ಕೆ ಕೊಡುವ ಅದ್ದುವ ರಸ, ಬೇಯಿಸಿದ ತರಕಾರಿ ಎಲ್ಲದರ ಬುನಾದಿ ಅದೇ. ‘ವೆಜಿಟೇರಿಯನ್’ ಎಂದು ಇಂಗ್ಲಿಷಿನಲ್ಲಿ ಹೇಳಿದರೆ ಮಾಂಸ ತೆಗೆದು ಅದೇ ಸಾರಿನಲ್ಲಿ ಕೊಡುತ್ತಾರೆ. ಮೋಸ ಮಾಡುವ ಉದ್ದೇಶ ಅವರಿಗಿಲ್ಲ, ದಶಿಯನ್ನು ಅವರು ಮೀನೂಟ ಎಂದು ಎಣಿಸುವುದಿಲ್ಲ, ಅಷ್ಟೇ. ಆದ್ದರಿಂದ ದಶಿಯ ಹೆಸರು ಹಿಡಿದೇ ಹೇಳಬೇಕು:

ನಿಕು ತೊ ಸಕಾನಾ ವೊ ತಬೆಮಾಸೆನ್. ಕತ್ಸುವೊ ನೊ ದಶಿ ಮೊ ದಮೆ ದೆಸು.

ಮಾಂಸ, ಮೀನು ತಿನ್ನುವುದಿಲ್ಲ, ಕತ್ಸುವೊ ದಶಿಯೂ ಆಗದು ಎಂದರ್ಥ. ಮೊಟ್ಟೆ ‘ತಮಾಗೊ’, ಈರುಳ್ಳಿ ‘ತಮಾನೆಗಿ’, ಬೆಳ್ಳುಳ್ಳಿ ‘ನಿನ್ನಿಕು’. ಜಪಾನೀ ಸ್ವರಗಳು ನಮ್ಮ ಅ, ಇ, ಉ, ಎ, ಒಗಳಂತೆಯೇ ನಿಚ್ಚಳ. ಕನ್ನಡದಲ್ಲಿ ಬರೆದುಕೊಂಡು ಓದಿದರೆ ಅಲ್ಲಿನವರಿಗೆ ಅರ್ಥವಾಗುತ್ತದೆ.

ಉಎನೊ ನಿಲ್ದಾಣದ ಜೆಆರ್ ಗೇಟಿನ ಒಳಗೆ ಟೀಸ್ ತನ್‌ತನ್ ಎಂಬ ರಾಮೆನ್ ಅಂಗಡಿ ಇದೆ. ಮೊಟ್ಟೆ, ಹಾಲು ಕೂಡ ಇಲ್ಲದ, ಎಳ್ಳಿನ ರಸದ ಖಾರ ನೂಡಲ್ಸ್ ಅದರ ಹೆಸರುವಾಸಿ ತಿನಿಸು. ಟೋಕಿಯೊ ನಿಲ್ದಾಣದಲ್ಲೂ ಅದರ ಅಂಗಡಿ ಇದೆ. ಹೇಗೂ ಮುಂದಿನ ರೈಲು ಜೆಆರ್ ಆದ್ದರಿಂದ ಕಾರ್ಡು ಟ್ಯಾಪ್ ಮಾಡಿ ಒಳಗೆ ಹೋಗಿ, ಊಟ ಮಾಡಿ, ಅಲ್ಲಿಂದಲೇ ಪ್ಲಾಟ್‌ಫಾರ್ಮಿಗೆ ಇಳಿಯಬಹುದು. ಹನ್ನೆರಡರಿಂದ ಒಂದರವರೆಗೆ ಆಫೀಸಿನವರ ಸಾಲು ಉದ್ದ. ಈ ಯೋಜನೆಯಲ್ಲಿ ನಿಮ್ಮ ಊಟವೂ ಅದೇ ಹೊತ್ತಿಗೆ, ಸ್ವಲ್ಪ ಕಾಯಲು ಸಿದ್ಧರಾಗಿರಿ. ಎರಡು ದಾಟಿದರೆ ಊರಿನ ಬಹಳಷ್ಟು ಊಟದ ಮನೆಗಳು ಐದರವರೆಗೆ ಬಾಗಿಲು ಹಾಕುತ್ತವೆ.

ಏನೂ ಸಿಗದಿದ್ದರೆ ಕೊಂಬಿನಿಯ ಒನಿಗಿರಿ, ಅಂದರೆ ಅನ್ನದ ಮುದ್ದೆ. ಉಪ್ಪಿನದು ಅಥವಾ ಉಮೆ ಎಂಬ ಹುಳಿ ಹಣ್ಣಿನ ಉಪ್ಪಿನಕಾಯಿ ಇರುವುದನ್ನು ಆರಿಸಿ. ಫೋನಿನ ಕ್ಯಾಮೆರಾ ಅನುವಾದ ಹಿಡಿದು ಹಿಂಬದಿ ಓದಿ, ಬೊನಿಟೊ ಎಂದು ಬಂದರೆ ಅದೇ ಮೀನು. ಹೊದಿಕೆಯನ್ನು 1, 2, 3 ಎಂಬ ಗುರುತಿನ ಕ್ರಮದಲ್ಲೇ ಎಳೆಯಿರಿ. ಮೊದಲು ನಡುವಿನ ಪಟ್ಟಿ, ಆಮೇಲೆ ಎರಡು ಬದಿ. ಕ್ರಮ ತಪ್ಪಿದರೆ ನೊರಿ ಎಂಬ ಗರಿಗರಿ ಕಡಲಪಾಚಿಯ ಹಾಳೆ ಕಾಗದದಲ್ಲೇ ಉಳಿಯುತ್ತದೆ.

ಮಧ್ಯಾಹ್ನ 1: ಯಮನೊತೆ ರೈಲು

ಯಮನೊತೆ ಲೈನ್ ಊರನ್ನು ಸುತ್ತುವ ವರ್ತುಲ, 34.5 ಕಿಲೋಮೀಟರ್, 30 ನಿಲ್ದಾಣ. ಉಎನೊದಿಂದ ಹರಾಜುಕುಗೆ ಯಾವ ದಿಕ್ಕಿಗೆ ಹೋದರೂ ಸುಮಾರು ಅರ್ಧ ಗಂಟೆ, ದರ ಒಂದೇ. ಇಕೆಬುಕುರೊ, ಶಿಂಜುಕು ಕಡೆಯದು 14 ನಿಲ್ದಾಣ, ಟೋಕಿಯೊ ಕಡೆಯದು 16. ತಿಳಿಹಸಿರು ಪಟ್ಟೆಯ ರೈಲನ್ನೇ ಹತ್ತಿ. ಅಕ್ಕಪಕ್ಕದಲ್ಲೇ ಬರುವ ಆಕಾಶನೀಲಿಯ ಕೆಹಿನ್-ತೊಹೊಕು ಬೇರೆ ಊರಿಗೆ ಒಯ್ಯುತ್ತದೆ.

ಬಾಗಿಲು ಮುಚ್ಚುವಾಗ ಒಬ್ಬರು ಒಳಗೆ, ಒಬ್ಬರು ಹೊರಗೆ ಉಳಿದರೆ ಏನು ಮಾಡಬೇಕೆಂದು ಈಗಲೇ ತೀರ್ಮಾನಿಸಿ. ರೈಲಿನೊಳಗಿರುವವರು ಮುಂದಿನ ನಿಲ್ದಾಣದಲ್ಲಿ ಇಳಿದು ಅದೇ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲಬೇಕು. ಹೊರಗಿನವರು ಅದೇ ಬಣ್ಣದ ಮುಂದಿನ ರೈಲಿನಲ್ಲಿ ಬರಬೇಕು, ನಾಲ್ಕೈದು ನಿಮಿಷದಲ್ಲಿ ಬರುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ಹುಡುಕಿಕೊಂಡು ಓಡಾಡಿದರೆ ಕೆಟ್ಟಿತು. ಒಳಗಿದ್ದವರು ತಿರುಗಿ ಬರುವುದು, ಹೊರಗಿದ್ದವರು ಮುಂದೆ ಹೋಗುವುದು, ಹೀಗೆ ಹಳಿಗಳ ಮೇಲೆ ದಾಟಿ ಹೋಗುತ್ತಾರೆ.

ರೈಲು ಶಿಂಜುಕು ದಾಟುವಾಗ ಒಂದು ಮಾತು. 200ಕ್ಕೂ ಹೆಚ್ಚು ಬಾಗಿಲುಗಳ ಆ ನಿಲ್ದಾಣದ ಪೂರ್ವಕ್ಕೆ ನಕಾಮುರಾಯ ಎಂಬ ಹಳೆಯ ಅಂಗಡಿ ಇದೆ. ಬ್ರಿಟಿಷರಿಂದ ತಪ್ಪಿಸಿಕೊಂಡು 1915ರಲ್ಲಿ ಜಪಾನಿಗೆ ಬಂದ ಕ್ರಾಂತಿಕಾರಿ ರಾಸ್‌ಬಿಹಾರಿ ಬೋಸ್ ಅವರನ್ನು ಬಚ್ಚಿಟ್ಟು ಕಾಪಾಡಿದ ಮನೆ ಅದು. ಆ ಮನೆಯ ಮಗಳನ್ನೇ ಅವರು ಮದುವೆಯಾದರು. ಅವರು ಕಲಿಸಿದ ಭಾರತದ ಕರಿಯನ್ನು 1927ರಿಂದ ಅಲ್ಲಿ ಬಡಿಸುತ್ತಿದ್ದಾರೆ, ಕೋಳಿಯದು. ಚರಿತ್ರೆಯ ಒಲವಿರುವ ಮಾಂಸಾಹಾರಿಗಳು ಉಎನೊದ ಊಟ ಬಿಟ್ಟು ಇಲ್ಲಿ ಇಳಿದರೂ ನಷ್ಟವಿಲ್ಲ, ಆದರೆ ಒಂದು ಗಂಟೆ ಕೈಬಿಡುತ್ತದೆ.

ಮಧ್ಯಾಹ್ನ 2: ಮೇಜಿ ದೇವಾಲಯ

ಹರಾಜುಕುವಿನ ಪಶ್ಚಿಮ ಬಾಗಿಲಿನಿಂದ ಹೊರಬಂದು ಬಲಕ್ಕೆ ತಿರುಗಿದರೆ ಎರಡು ನಿಮಿಷದಲ್ಲಿ ದೊಡ್ಡ ಮರದ ತೋರಣದ್ವಾರ. ದೇವಾಲಯ ಸೂರ್ಯೋದಯಕ್ಕೆ ತೆರೆದು ಸೂರ್ಯಾಸ್ತಕ್ಕೆ ಮುಚ್ಚುತ್ತದೆ. ಟೋಕಿಯೊದಲ್ಲಿ ಡಿಸೆಂಬರಿನ ಸೂರ್ಯ ನಾಲ್ಕೂವರೆಗೇ ಮುಳುಗುತ್ತಾನೆ. ಚಳಿಗಾಲದಲ್ಲಿ ಎರಡೂವರೆಯೊಳಗೆ ಇಲ್ಲಿರದಿದ್ದರೆ ಬಾಗಿಲು ಮುಚ್ಚುವವರ ಅವಸರವೇ ಸಿಗುತ್ತದೆ.

ಜಲ್ಲಿ ಹಾಸಿದ ದಾರಿಯಲ್ಲಿ ಮಂದಿರಕ್ಕೆ ಹತ್ತು ನಿಮಿಷದ ನಡಿಗೆ. ಸುತ್ತಲಿನ 70 ಹೆಕ್ಟೇರ್ ಕಾಡು ತಾನೇ ಬೆಳೆದದ್ದಲ್ಲ. 1920ರಲ್ಲಿ ದೇವಾಲಯ ಕಟ್ಟುವಾಗ ದೇಶದ ಮೂಲೆಮೂಲೆಯಿಂದ ಜನ ಕಳಿಸಿದ ಸುಮಾರು ಒಂದು ಲಕ್ಷ ಮರಗಳನ್ನು ನೆಟ್ಟರು. ನೂರೈವತ್ತು ವರ್ಷಕ್ಕೆ ಮನುಷ್ಯರ ಆರೈಕೆ ಇಲ್ಲದೆ ತನ್ನಷ್ಟಕ್ಕೆ ಬಾಳುವ ಕಾಡಾಗಲಿ ಎಂದು ಯೋಜಿಸಿದರು. ಬಿದ್ದ ಎಲೆಗಳನ್ನು ಗುಡಿಸಿದವರು ಇಂದಿಗೂ ಕಾಡಿಗೇ ಮರಳಿಸುತ್ತಾರೆ.

ಒಳಗೆ ಹೋಗುವ ಮುನ್ನ ಸೌಟಿನ ನೀರಿನಿಂದ ಮೊದಲು ಎಡಗೈ, ಆಮೇಲೆ ಬಲಗೈ ತೊಳೆಯಿರಿ. ಎಡ ಅಂಗೈಯಲ್ಲಿ ನೀರು ಹಿಡಿದು ಬಾಯಿ ಮುಕ್ಕಳಿಸಿ, ಸೌಟಿಗೆ ಬಾಯಿ ತಾಗಿಸಬೇಡಿ. ಕೊನೆಗೆ ಎಡಗೈ ಮತ್ತೊಮ್ಮೆ. ದೇವರ ಮುಂದೆ ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಬೇಡಿಕೊಂಡು, ಇನ್ನೊಮ್ಮೆ ಬಾಗುವುದು ಶಿಂಟೊ ಕ್ರಮ. ಬೆಳಿಗ್ಗೆ ತಡೆದ ಚಪ್ಪಾಳೆಯನ್ನು ಇಲ್ಲಿ ತಟ್ಟಿ.

ಈ ಮಂದಿರ ಈಗ ನಿಂತಿರುವ ರೂಪದಲ್ಲಿ ಎದ್ದದ್ದು 1958ರಲ್ಲಿ. ಸೆನ್ಸೋಜಿಯ ಮುಖ್ಯ ಮಂದಿರವೂ, ಕೆರೆ ನಡುವಿನ ಸರಸ್ವತಿಯ ಗುಡಿಯೂ 1958ರವೇ. 1945ರ ಬಾಂಬ್ ದಾಳಿಗಳಲ್ಲಿ ಮೂರೂ ಸುಟ್ಟು ಹೋಗಿದ್ದವು. ಟೋಕಿಯೊದಲ್ಲಿ ‘ಹಳೆಯದು’ ಎನ್ನುವುದನ್ನು ನೋಡುವಾಗ ಇದು ನೆನಪಿದ್ದರೆ ಕಲ್ಲು, ಮರ ಬೇರೆಯೇ ಆಗಿ ಕಾಣುತ್ತವೆ.

3:30ರಿಂದ: ಹರಾಜುಕುವಿನಿಂದ ಶಿಬುಯಾಕ್ಕೆ ನಡಿಗೆ

ತಕೆಶಿತಾ ಬೀದಿ 350 ಮೀಟರ್, ಹದಿಹರೆಯದವರ ಬಟ್ಟೆ ಮತ್ತು ಕ್ರೇಪ್ ಅಂಗಡಿಗಳ ಸಂತೆ. ಹತ್ತು ನಿಮಿಷ ಸಾಕು. ಕ್ರೇಪ್ ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ. ಆಮೇಲೆ ಕೆಯಾಕಿ ಮರಗಳ ಸಾಲಿನ ಒಮೊತೆಸಾಂದೊ ರಸ್ತೆಗೆ ಬಂದು, ಅದನ್ನು ಅಡ್ಡ ಹಾಯುವ ಕ್ಯಾಟ್ ಸ್ಟ್ರೀಟ್ ಹಿಡಿಯಿರಿ. ಅದು ಮುಚ್ಚಿದ ಹಳೆಯ ಹೊಳೆಯ ಮೇಲಿನ ಓಣಿ, ಆದ್ದರಿಂದಲೇ ಅಂಕುಡೊಂಕು. ವಾಹನ ಕಡಿಮೆ, ಕಾಫಿ ಅಂಗಡಿ ಹೆಚ್ಚು. ನಿಲ್ಲದೆ ನಡೆದರೆ ಶಿಬುಯಾಕ್ಕೆ 25 ನಿಮಿಷ. ನಿಂತು ಕಾಫಿ ಕುಡಿಯಲೇಬೇಕಾದ ಹೊತ್ತಿದು, ಕಾಲುಗಳು ಕೇಳುತ್ತಿರುತ್ತವೆ.

ಸಂಜೆ: ಶಿಬುಯಾ

ಶಿಬುಯಾ ಸ್ಕೈ ಎಂಬ 229 ಮೀಟರ್ ಎತ್ತರದ ತೆರೆದ ತಾರಸಿಗೆ ಹೋಗುವುದಾದರೆ ಟಿಕೆಟ್ಟನ್ನು ಎರಡು ವಾರ ಮೊದಲೇ ಆನ್‌ಲೈನಿನಲ್ಲಿ ತೆಗೆಯಬೇಕು. ಸೂರ್ಯಾಸ್ತದ ಹೊತ್ತಿನವು ಎಲ್ಲಕ್ಕಿಂತ ಮೊದಲು ಖಾಲಿಯಾಗುತ್ತವೆ. ಆ ದಿನದ ಸೂರ್ಯಾಸ್ತಕ್ಕಿಂತ 40 ನಿಮಿಷ ಮುಂಚಿನ ಸಮಯ ಆರಿಸಿದರೆ ಹಗಲು, ಸಂಜೆ, ದೀಪ ಮೂರೂ ಸಿಗುತ್ತವೆ. ಚೀಲ, ಟೋಪಿಗಳನ್ನು ತಾರಸಿಗೆ ಬಿಡುವುದಿಲ್ಲ, ಲಾಕರಿಗೆ 100 ಯೆನ್ ನಾಣ್ಯ ಇಟ್ಟುಕೊಂಡಿರಿ. ಮಳೆ, ಗಾಳಿ ಜೋರಾದರೆ ತಾರಸಿ ಮುಚ್ಚುತ್ತಾರೆ.

ಟಿಕೆಟ್ ಸಿಗದಿದ್ದರೆ ಬೇಸರ ಬೇಡ. ಜೆಆರ್ ನಿಲ್ದಾಣದಿಂದ ಇನೊಕಶಿರಾ ಲೈನಿಗೆ ಹೋಗುವ ಮೇಲಿನ ಓಣಿಯ ಗಾಜಿನಿಂದ ಪ್ರಸಿದ್ಧ ಸ್ಕ್ರ್ಯಾಂಬಲ್ ಕ್ರಾಸಿಂಗ್ ಉಚಿತವಾಗಿ ಕಾಣುತ್ತದೆ. ಎಲ್ಲ ದಿಕ್ಕಿನ ವಾಹನ ಒಮ್ಮೆಗೇ ನಿಂತು ಜನಸಾಗರ ದಾಟುವ ನೋಟ. ಅದೇ ಓಣಿಯ ಗೋಡೆಯಲ್ಲಿ 30 ಮೀಟರ್ ಉದ್ದದ ಚಿತ್ರವಿದೆ. ತಾರೊ ಒಕಮೊತೊ ಮೆಕ್ಸಿಕೊದಲ್ಲಿ ಬರೆದ ‘ನಾಳೆಯ ಪುರಾಣ’, ಅಣುಬಾಂಬ್ ಸಿಡಿದ ಕ್ಷಣದ ಚಿತ್ರ. ಎಷ್ಟೋ ವರ್ಷ ಕಳೆದುಹೋಗಿ 2003ರಲ್ಲಿ ಪತ್ತೆಯಾಗಿ, 2008ರಲ್ಲಿ ಇಲ್ಲಿಗೆ ಬಂತು. ಸಾವಿರಾರು ಜನ ತಲೆಯೆತ್ತದೆ ದಾಟಿ ಹೋಗುತ್ತಾರೆ. ನೀವು ಐದು ನಿಮಿಷ ನಿಲ್ಲಿ.

ಕೆಳಗಿಳಿದು ಕ್ರಾಸಿಂಗ್ ದಾಟುವಾಗ ನಡುವೆ ನಿಂತು ಫೋಟೊ ತೆಗೆಯಬೇಡಿ, ಹಸಿರು ಒಂದು ನಿಮಿಷವೂ ಇರುವುದಿಲ್ಲ. ಒಬ್ಬರು ಈಚೆ ನಿಂತು, ಇನ್ನೊಬ್ಬರು ದಾಟುವುದನ್ನು ತೆಗೆಯಿರಿ, ಮುಂದಿನ ಸಲ ಅದಲುಬದಲು. ಹಚಿಕೊ ನಾಯಿಯ ಪ್ರತಿಮೆಯ ಬಳಿ ಸಿಗೋಣ ಎಂಬ ಏರ್ಪಾಡು ಬೇಡ. ಊರಿನ ಅರ್ಧ ಜನರ ಏರ್ಪಾಡೂ ಅದೇ ಆದ್ದರಿಂದ ಅಲ್ಲಿ ಯಾರೂ ಯಾರಿಗೂ ಕಾಣುವುದಿಲ್ಲ. ಸಂಜೆ 6ರಿಂದ ಬೆಳಿಗ್ಗೆ 5ರವರೆಗೆ ನಿಲ್ದಾಣದ ಸುತ್ತಲಿನ ಬೀದಿಗಳಲ್ಲಿ ಮದ್ಯ ಕುಡಿಯುವುದನ್ನು 2024ರ ಅಕ್ಟೋಬರಿನಿಂದ ನಿಷೇಧಿಸಿದ್ದಾರೆ.

ರಾತ್ರಿ ಊಟಕ್ಕೆ ಇಜಾಕಯಾಕ್ಕೆ, ಅಂದರೆ ಮದ್ಯದ ಜೊತೆ ಸಣ್ಣ ತಿನಿಸು ಬಡಿಸುವ ಊಟದ ಮನೆಗೆ ಹೋದರೆ ಕೂತ ಕೂಡಲೇ ಕೇಳದ ಸಣ್ಣ ಬಟ್ಟಲೊಂದು ಬರುತ್ತದೆ. ಅದು ‘ಒತೋಶಿ’, ಕೂರುವ ಬಾಡಿಗೆ ಇದ್ದಂತೆ, ತಲಾ 300ರಿಂದ 500 ಯೆನ್ ಬಿಲ್ಲಿಗೆ ಸೇರುತ್ತದೆ. ಸಸ್ಯಾಹಾರಿಗಳಿಗೆ ಎದಮಾಮೆ ಎಂಬ ಹಸಿ ಸೋಯಾ ಕಾಯಿ, ಉಪ್ಪಿನಕಾಯಿ, ತಣ್ಣನೆಯ ತೊಫು ಸಿಗುತ್ತವೆ. ತೊಫು ಮೇಲೆ ಮೀನಿನ ಚೂರು ಉದುರಿಸುತ್ತಾರೆ, ‘ಕತ್ಸುವೊಬುಶಿ ನಶಿ’ ಎಂದು ಮೊದಲೇ ಹೇಳಿ. ಹೊಟ್ಟೆ ತುಂಬ ಬೇಕಿದ್ದರೆ ಶಿಬುಯಾದಲ್ಲಿ ಭಾರತದ ಊಟದ ಮನೆಗಳೂ ಇವೆ. ಬಿಲ್ಲನ್ನು ಬೇರೆ ಬೇರೆ ಕೊಡಲು ‘ಬೆತ್ಸು ಬೆತ್ಸು ದೆ’ ಎನ್ನಿ. ಟಿಪ್ಸ್ ಇಡಬೇಡಿ, ಮರೆತು ಹೋದಿರಿ ಎಂದುಕೊಂಡು ಹಿಂದೆಯೇ ಓಡಿ ಬಂದು ಕೊಡುತ್ತಾರೆ.

ಮರಳುವಾಗ ಗಿಂಜಾ ಲೈನನ್ನು ನೆಲದಡಿಯಲ್ಲಿ ಹುಡುಕಬೇಡಿ. ಶಿಬುಯಾ ಕಣಿವೆಯಾದ್ದರಿಂದ ಸಮಮಟ್ಟದಲ್ಲಿ ಬರುವ ಸುರಂಗ ರೈಲು ಇಲ್ಲಿ ಮೂರನೇ ಮಹಡಿಯಲ್ಲಿ ನಿಲ್ಲುತ್ತದೆ. ಮೆಟ್ಟಿಲಿಳಿದು ಸುತ್ತಿ ಸುಸ್ತಾಗುವವರು ಬಹಳ. ಇದು ಲೈನಿನ ಮೊದಲ ನಿಲ್ದಾಣ, ಜಿ-01. ಒಂದು ರೈಲು ಬಿಟ್ಟು ಮುಂದಿನದಕ್ಕೆ ಸಾಲಿನ ಮೊದಲಿಗೆ ನಿಂತರೆ ಇಬ್ಬರಿಗೂ ಸೀಟು ಸಿಗುತ್ತದೆ. ಅಸಾಕುಸಕ್ಕೆ ಸುಮಾರು 35 ನಿಮಿಷ. ರೈಲುಗಳು ರಾತ್ರಿಯಿಡೀ ಓಡುವುದಿಲ್ಲ, ನಡುರಾತ್ರಿಯ ಆಸುಪಾಸಿಗೆ ನಿಂತು ಬೆಳಿಗ್ಗೆ ಐದಕ್ಕೆ ಶುರುವಾಗುತ್ತವೆ. ಟ್ಯಾಕ್ಸಿಗೆ ರಾತ್ರಿ 10ರಿಂದ ಶೇ 20 ಹೆಚ್ಚು ದರ. ಹತ್ತೂವರೆಗೆ ಪ್ಲಾಟ್‌ಫಾರ್ಮಿನಲ್ಲಿರಿ.